ಹೊಲಿಯುವವಳ ಹೆಸರೂ ಪಟ್ಟಿಯಲ್ಲಿರಲಿ

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ತೊಡುತ್ತಿದ್ದ ಅಂಗಿಗೆ ಕಿಸೆ ಇರಲಿಲ್ಲ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ಊರೂರು ತಿರುಗಿ ಪ್ರವಚನ ಹೇಳಿ, 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದು, 2023ರ ಜನವರಿ 2ರಂದು ಲಿಂಗೈಕ್ಯರಾದ ಅವರನ್ನು ನೆನೆಯುವಾಗ ಈ ಭಾಗದ ಮಂದಿ ಆ ಬಿಳಿ ಅಂಗಿಯ ಮಾತು ತೆಗೆಯದೆ ಇರುವುದಿಲ್ಲ. ದುಡ್ಡು ಮುಟ್ಟದವರಿಗೆ ಕಿಸೆ ಯಾಕೆ? ಹೊಲಿದವರು ಯಾರೇ ಇರಲಿ, ತೊಡುವವರ ಬದುಕು ಎಂಥದ್ದೆಂದು ತಿಳಿದೇ ಬಟ್ಟೆಗೆ ಕತ್ತರಿ ಹಾಕಿದ್ದರು.

ಇದೇ ನೆಲದ ಹೆಣ್ಣುಮಕ್ಕಳ ಜಂಪರಿಗೂ ಕಿಸೆ ಇಲ್ಲ. ಸ್ವಾಮೀಜಿ ಬೇಡವೆಂದು ಬಿಟ್ಟರು. ಇವರನ್ನು ಬೇಕೇ ಎಂದು ಯಾರೂ ಕೇಳಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ದುಡ್ಡು ಬೇಡ, ಆದರೆ ಆಧಾರ್ ಕಾರ್ಡು ಬೇಕು. ಅದನ್ನು ಇಡಲು ಜಾಗ ಬೇಕು. ಮೊಬೈಲು, ಗುಳಿಗೆ ಚೀಟಿ, ಚಿಲ್ಲರೆ ಎಲ್ಲವೂ ಜಂಪರಿನೊಳಗೆ ತುರುಕಬೇಕು, ಇಲ್ಲವೇ ಸೆರಗಿನ ತುದಿಗೆ ಗಂಟು ಹಾಕಬೇಕು. ನಮ್ಮ ಅಜ್ಜಿಯರು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಖಣದ ಚೂರು, ಹಳೆಯ ಸೀರೆಯ ದಡಿ ಕೂಡಿಸಿ ಕೈಯಲ್ಲೇ ಹೊಲಿದ ಎಲೆ ಸಂಚಿ ಸದಾ ಅವರ ಟೊಂಕದಲ್ಲಿರುತ್ತಿತ್ತು. ಒಂದು ಖಾನೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ, ಇನ್ನೊಂದರಲ್ಲಿ ಸುಣ್ಣದ ಡಬ್ಬಿ, ಎಲ್ಲಕ್ಕಿಂತ ಒಳಗಿನದರಲ್ಲಿ ಗಂಡನಿಗೂ ಗೊತ್ತಿಲ್ಲದ ನಾಲ್ಕು ಕಾಸು. ಬಾಯಿಗೆ ಪೋಣಿಸಿದ ದಾರ ಎಳೆದರೆ ಮುಚ್ಚಿಕೊಳ್ಳುವ ಆ ಸಂಚಿ ಅವರು ತಮಗೆಂದೇ ಹೊಲಿದುಕೊಂಡದ್ದು. ಮನೆ ಮಂದಿಗೆಲ್ಲ ಹೊಲಿದ ಕೈ ತನಗೆಂದು ಹೊಲಿದುಕೊಂಡದ್ದು ಬಹುಶಃ ಅದೊಂದೇ.

ಹೊಸ ವರ್ಷ ಬಂತೆಂದರೆ ಸಂಕಲ್ಪಗಳ ಸುಗ್ಗಿ. ಹೊಲಿಗೆ ಕಲಿತವರ ಸಂಕಲ್ಪ ಹೆಚ್ಚಾಗಿ ಲೆಕ್ಕದ್ದೇ ಆಗಿರುತ್ತದೆ. ತಿಂಗಳಿಗೊಂದರಂತೆ ವರ್ಷಕ್ಕೆ ಹನ್ನೆರಡು ಬಟ್ಟೆ ಹೊಲಿಯುತ್ತೇನೆ, ಈ ವರ್ಷ ರೆಡಿಮೇಡ್ ಮುಟ್ಟುವುದಿಲ್ಲ, ಮಕ್ಕಳಿಗೆಲ್ಲ ಕೈಯಾರೆ ಹೊಲಿದದ್ದನ್ನೇ ಹಾಕುತ್ತೇನೆ. ಯುಗಾದಿ ಹೊತ್ತಿಗೆ ಮಷೀನಿನ ಮೇಲೆ ಮಡಚಬೇಕಾದ ಬಟ್ಟೆಯ ರಾಶಿ ಬಿದ್ದಿರುತ್ತದೆ, ಬಾಬಿನ್ನಿನಲ್ಲಿ ಜನವರಿಯ ದಾರವೇ ಇರುತ್ತದೆ. ಹೊಲಿಯುವವರ ಸೋಮಾರಿತನ ಇದಕ್ಕೆ ಕಾರಣವೆಂದು ನನಗೆ ಅನಿಸುವುದಿಲ್ಲ. ಹನ್ನೆರಡು ಎಂಬುದಕ್ಕೆ ಮೈ ಇಲ್ಲ, ಅಳತೆ ಇಲ್ಲ, ಇಂಥ ದಿನ ತೊಡಬೇಕೆಂಬ ಗಡುವೂ ಇಲ್ಲ. ಹಾಗಾಗಿ ಅದು ಯಾವತ್ತೂ ನಾಳೆಯ ಕೆಲಸವಾಗಿಯೇ ಉಳಿಯುತ್ತದೆ.

ಬ್ರಿಟನ್ನಿನ ಜೋಯಿ ಎಡ್ವರ್ಡ್ಸ್ ಎಂಬ ಹೊಲಿಗೆಗಾರ್ತಿ 2010ರಲ್ಲಿ ‘ಮಿ-ಮೇಡ್-ಮೇ’ ಎಂಬ ಮೇ ತಿಂಗಳ ವ್ರತವೊಂದನ್ನು ಶುರು ಮಾಡಿದರು. ಈಗ ಹಲವು ದೇಶಗಳ ಮಂದಿ ಅದನ್ನು ಹಿಡಿಯುತ್ತಾರೆ. ಅಲ್ಲಿ ಪ್ರತಿಯೊಬ್ಬರೂ ತಮ್ಮ ಮಾತನ್ನು ತಾವೇ ಬರೆದುಕೊಳ್ಳುತ್ತಾರೆ. ವಾರಕ್ಕೆ ಎರಡು ದಿನ ನಾನು ಹೊಲಿದದ್ದನ್ನು ತೊಡುತ್ತೇನೆ ಎಂದು ಒಬ್ಬರು, ಹೊಲಿದು ಮೂಲೆಗಿಟ್ಟದ್ದನ್ನು ಸರಿಪಡಿಸಿ ತೊಡುತ್ತೇನೆ ಎಂದು ಇನ್ನೊಬ್ಬರು. ಹೊಸದಾಗಿ ಹೊಲಿಯಲೇಬೇಕೆಂಬ ಕಟ್ಟಳೆ ಇಲ್ಲ, ತೊಡುವುದೇ ಮುಖ್ಯ. ನಮ್ಮ ಕಡೆ ಮೇ ತಿಂಗಳೆಂದರೆ 40 ಡಿಗ್ರಿ ದಾಟಿದ ಬಿಸಿಲು, ಮೇಲೆ ಮದುವೆ ಮುಹೂರ್ತಗಳ ನೂಕುನುಗ್ಗಲು. ವ್ರತ ಹಿಡಿಯುವ ತಿಂಗಳೇ ಅಲ್ಲ. ಆದರೆ ತೊಡುವ ದಿನದಿಂದ ಹಿಂದಕ್ಕೆ ಎಣಿಸುವ ಆ ಕ್ರಮ ನಮಗೇನೂ ಹೊಸದಲ್ಲ.

ವಿಜಯಪುರ ಸೀಮೆಯ ಮನೆಗಳಲ್ಲಿ ಬಟ್ಟೆಯ ಪಂಚಾಂಗವೊಂದು ಮೊದಲಿನಿಂದಲೂ ಇತ್ತು. ಎಳ್ಳಮಾಸಿಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ ಇಳಕಲ್ ಸೀರೆ, ಅದಕ್ಕೊಪ್ಪುವ ಖಣದ ಕುಬಸ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ, ಮಕ್ಕಳಿಗೆ ಹೊಸ ಅಂಗಿ. ಯುಗಾದಿ, ಬಸವ ಜಯಂತಿ, ರಂಜಾನ್, ಕಾರಹುಣ್ಣಿಮೆ. ಶ್ರಾವಣದಲ್ಲಿ ನಾಗರಪಂಚಮಿಗೆ ತವರಿಗೆ ಬರುವ ಮಗಳಿಗೆ ಏನಾದರೂ ಹೊಲಿದು ಇಟ್ಟಿರಲೇಬೇಕು. ದಸರೆ, ದೀಪಾವಳಿ. ನಡುವೆ ಯಾರದೋ ಸೀಮಂತದ ಕುಬಸದ ಕಾರ್ಯ, ಯಾರದೋ ಮಗುವಿನ ತೊಟ್ಟಿಲು. ಈ ಪಟ್ಟಿಯಲ್ಲಿ ಬಟ್ಟೆ ಎಷ್ಟು ಎಂಬ ಲೆಕ್ಕ ಯಾರೂ ಇಡುತ್ತಿರಲಿಲ್ಲ. ಯಾರಿಗೆ, ಯಾವ ದಿನಕ್ಕೆ ಎಂಬುದು ಗೊತ್ತಿರುತ್ತಿತ್ತು, ಅಷ್ಟು ಸಾಕಿತ್ತು. ಹಬ್ಬ ನಮಗಾಗಿ ನಿಲ್ಲುವುದಿಲ್ಲವಲ್ಲ, ಆದ್ದರಿಂದ ಹೊಲಿಗೆ ಮುಗಿಯುತ್ತಿತ್ತು.

ಈ ಪಂಚಾಂಗದಲ್ಲಿ ಒಂದು ಕೊರತೆ ಮಾತ್ರ ಎದ್ದು ಕಾಣುತ್ತದೆ. ಹೊಲಿಯುವವಳ ಹೆಸರು ಅದರಲ್ಲಿ ಇರುತ್ತಿರಲಿಲ್ಲ. ಇವತ್ತಿಗೂ ಮನೆಯಲ್ಲಿ ಮಷೀನಿರುವ ಯಾವ ಹೆಣ್ಣುಮಗಳನ್ನಾದರೂ ಕೇಳಿ ನೋಡಿ. “ನಿನಗ ಏನ ಹೊಲಕೊಂಡೆವಾ?” ಎಂದರೆ ನಗುತ್ತಾಳೆ. “ನಂದೇನ ಬಿಡ್ರಿ ಅಕ್ಕಾರ, ಹುಡುಗೂರದು ಮುಗೀಲಿ” ಎನ್ನುತ್ತಾಳೆ. ಹುಡುಗರದು ಯಾವ ಕಾಲಕ್ಕೂ ಮುಗಿಯುವ ಬಾಬತ್ತಲ್ಲ.

ಈ ಭಾಗದಲ್ಲಿ ಹೊಲಿಗೆ ಬಹಳ ಹಳೆಯ ಕಾಯಕ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ಇದೇ ಜಿಲ್ಲೆಯದು. 12ನೇ ಶತಮಾನದ ಶರಣರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಹೆಸರಿದೆ. ಶಿಂಪಿಗರ ಮನೆಗಳು ಊರೂರಿಗೂ ಇದ್ದವು. 1993ರ ಕೊಪ್ಪಳ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಚಡಚಣದ ಜಾನಪದ ವಿದ್ವಾಂಸ ಸಿಂಪಿ ಲಿಂಗಣ್ಣನವರ ಮನೆತನದ ಹೆಸರಿನಲ್ಲೇ ಸೂಜಿ-ದಾರ ಇದೆ. ಗಂಡಸರ ಅಂಗಿ, ಪಾಯಿಜಾಮ ಅವರಲ್ಲಿಗೆ ಹೋಗುತ್ತಿತ್ತು. ಅತ್ತ ಮನೆಯೊಳಗೆ ಕೌದಿ, ಕುಲಾವಿ, ಕುಂಚಿಗೆ, ಸಂಚಿ, ಹರಿದದ್ದಕ್ಕೆ ತೇಪೆ, ಗಿಡ್ಡಾದದ್ದಕ್ಕೆ ಪಟ್ಟಿ. ಇದೆಲ್ಲ ಹೆಂಗಸರ ಕೈಯಲ್ಲಿತ್ತು. ಇದಕ್ಕೆ ಕೂಲಿ ಇರಲಿಲ್ಲ, ಹಾಗಾಗಿ ಹೊಲಿಗೆ ಎಂಬ ಹೆಸರೂ ಸಿಗಲಿಲ್ಲ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮಾಡುವ ಕಾಲಕ್ಷೇಪ ಎಂದೇ ಎಲ್ಲರ ಲೆಕ್ಕ.

ಖಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗುಳೇದಗುಡ್ಡ ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ್ದರೂ 1997ರವರೆಗೆ ನಮ್ಮ ಅಖಂಡ ಜಿಲ್ಲೆಯ ಊರೇ. ಅಲ್ಲಿನ ಮಗ್ಗದಿಂದ ಬರುವ ಖಣ ಕಡಿಮೆ ಪನ್ನೆಯ ಬಟ್ಟೆ. ಎರಡೂ ಬದಿಗೆ ದಡಿ, ನಡುವೆ ತೇರು, ಆನೆ ಹೆಜ್ಜೆಯಂಥ ಸಣ್ಣ ಚಿತ್ತಾರ. ಒಂದು ಖಣ ಎಂದರೆ ಒಂದು ಕುಬಸಕ್ಕೆ ಬೇಕಾದಷ್ಟೇ ಬಟ್ಟೆ. ಹಳೆಯ ಕುಬಸ ಕತ್ತರಿಸುವವರು ಒಂದು ಚೂರನ್ನೂ ಬಿಸಾಡುತ್ತಿರಲಿಲ್ಲ. ದಡಿ ತೋಳಿನ ತುದಿಗೆ ಬರಬೇಕು, ಬೆನ್ನು ಒಂದೇ ತುಂಡಿನಲ್ಲಿ ಕೂರಬೇಕು, ಮುಂದಿನ ಎರಡು ಭಾಗ ಕೆಳಗಿಳಿದು ಗಂಟಾಗಬೇಕು, ಉಳಿದ ಮೂಲೆಯ ಚೌಕ ಕಂಕುಳಿಗೆ ಹೋಗಬೇಕು. ಕಂಕುಳಲ್ಲಿ ಆ ಚೌಕ ಇದ್ದುದರಿಂದಲೇ ರೊಟ್ಟಿ ಬಡಿಯುವಾಗ, ನೀರು ಸೇದುವಾಗ, ಜೋಳ ಕೊಯ್ಯುವಾಗ ತೋಳು ಸಲೀಸಾಗಿ ಆಡುತ್ತಿತ್ತು. ಗುಂಡಿ ಇಲ್ಲ, ಹುಕ್ಕು ಇಲ್ಲ. ಮೈ ತುಂಬಿಕೊಂಡರೂ ಸೊರಗಿದರೂ, ಬಸಿರಿಗೂ ಬಾಣಂತಿಗೂ ಅದೇ ಕುಬಸ. ಗಂಟು ಸಡಿಲಿಸಿದರೆ ಮುಗಿಯಿತು. ಈಗಿನ ಕಟೋರಿ, ಪ್ರಿನ್ಸೆಸ್ ಕಟ್ ಜಂಪರ್ ನೋಡಲು ಚೆಂದವೇ. ಆದರೆ ಎರಡು ಕಿಲೋ ತೂಕ ಹೆಚ್ಚಾದರೆ ಟ್ರಂಕಿಗೆ ಹೋಗುತ್ತದೆ.

ಟ್ರಂಕಿನ ಮಾತು ಬಂತು. ಈ ಕಡೆಯ ಯಾವುದೇ ಮನೆಯ ಟ್ರಂಕು ತೆರೆದರೂ ಉಡಿಯಲ್ಲಿ ಬಂದ ಜಂಪರ್ ಪೀಸುಗಳ ಒಂದು ಗಂಟು ಇದ್ದೇ ಇರುತ್ತದೆ. ಮದುವೆಯಲ್ಲಿ ಒಂದು, ಸೀಮಂತದಲ್ಲಿ ಒಂದು, ಗುಡಿಗೆ ಹೋದಾಗ ಒಂದು. ಅವು ಹೊಲಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ಮನೆಯಿಂದ ಮನೆಗೆ ಸಂಚಾರ ಮಾಡಿಕೊಂಡಿರುತ್ತವೆ. ನಾವು ಕೊಟ್ಟ ಪೀಸು ಎರಡು ವರ್ಷದ ಮೇಲೆ ನಮ್ಮ ಉಡಿಗೇ ವಾಪಸು ಬಂದದ್ದೂ ಉಂಟು. ಹೆಚ್ಚಿನವು 80 ಸೆಂಟಿಮೀಟರಿನ ತೆಳ್ಳಗಿನ ಪಾಲಿಯೆಸ್ಟರ್ ಬೆರಕೆ, ಬಣ್ಣ ಯಾವ ಸೀರೆಗೂ ಕೂಡುವುದಿಲ್ಲ. ಹೊಲಿಗೆಗೆ ಗುರಿ ಹಾಕಿಕೊಳ್ಳುವವರು ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಗೆ ಹೊರಡುವ ಮೊದಲು ಈ ಗಂಟು ಬಿಚ್ಚಲಿ ಎಂಬುದು ನನ್ನ ಸಲಹೆ. ಗಟ್ಟಿ ಹತ್ತಿಯವು ಒಂದು ಕಡೆ, ಅಸ್ತರಕ್ಕೆ ಆಗುವವು ಒಂದು ಕಡೆ, ಕೌದಿಗೆ ಹೋಗುವವು ಇನ್ನೊಂದು ಕಡೆ. ಉಳಿದವು ಕತ್ತರಿಸಿ ಕೈ ಪಳಗಿಸಿಕೊಳ್ಳಲು. ಹೊಸಬರಿಗೆ ದೊಡ್ಡ ಭಯ ಬಟ್ಟೆ ಕೆಟ್ಟೀತು ಎಂಬುದು. ಪುಕ್ಕಟೆ ಬಂದ ಬಟ್ಟೆಯ ಮೇಲೆ ಕತ್ತರಿ ಹೆದರದೆ ಓಡುತ್ತದೆ.

ಮೊದಲ ಗುರಿ ಯಾವುದಿರಬೇಕು? ಕುಲಾವಿ ಎನ್ನುತ್ತೇನೆ. ತೊಟ್ಟಿಲಿಗೆ ಹಾಕುವ ದಿನ ಕೂಸಿನ ತಲೆಗೆ ಇಡುವ ಟೊಪ್ಪಿಗೆ ಅದು. ನೆತ್ತಿಯಲ್ಲಿ ಕೂಡುವ ಎಸಳಿನಂಥ ತುಂಡುಗಳು, ಒಳಗೆ ಹಳೆಯ ಧೋತರದ ಮೆತ್ತನೆ ಅಸ್ತರ, ಗದ್ದಕ್ಕೆ ಕಟ್ಟಲು ಎರಡು ಲಾಡಿ. ಅದೇ ಟೊಪ್ಪಿಗೆ ಬೆನ್ನ ಮೇಲೆ ಸೆರಗಿನಂತೆ ಇಳಿದರೆ ಕುಂಚಿಗೆ. ಗೇಣುದ್ದದ ಈ ಕೆಲಸದಲ್ಲಿ ಹೊಲಿಗೆಯ ಅರ್ಧ ಪಾಠ ಅಡಗಿದೆ: ದುಂಡಗಿನ ಅಂಚಿಗೆ ಸಣ್ಣ ಕಚ್ಚು ಕೊಟ್ಟು ತಿರುಗಿಸುವುದು, ಅಸ್ತರ ಕೂಡಿಸುವುದು, ಟಾಕು ಹೊರಗೆ ಕಾಣದಂತೆ ತುರಪಾಯಿ ಹಾಕುವುದು. ಕೂಸಿನ ಮೈಗೆ ಒರಟು ಹೊಲಿಗೆ ತಾಗಬಾರದು ಎಂಬ ಒಂದೇ ಕಾರಣಕ್ಕೆ ಕೈ ತಾನಾಗಿ ನಯವಾಗುತ್ತದೆ. ಅಳತೆ ಸ್ವಲ್ಪ ಹೆಚ್ಚು ಕಡಿಮೆಯಾದರೂ ತಕರಾರು ಮಾಡುವ ವಯಸ್ಸು ಕೂಸಿನದಲ್ಲ.

ಕೌದಿಯನ್ನು ಮೊದಲ ಗುರಿ ಮಾಡಿಕೊಳ್ಳಬೇಡಿ ಎಂದೂ ಹೇಳಬೇಕು. ನೋಡಲು ಸರಳ, ಸಾಲು ಟಾಕು ಅಷ್ಟೇ ಅನಿಸುತ್ತದೆ. ಹಳೆಯ ಸೀರೆಯ ಪದರ ಜಾರದಂತೆ ಹಾಸಿ, ಒಂದು ಮೂಲೆಯಿಂದ ಅಂಚು ಹಿಡಿದು ಸುತ್ತುತ್ತ ನಡುವಿನವರೆಗೆ ಟಾಕು ಹಾಕುತ್ತ ಹೋಗುವುದು ಸೊಂಟ ಮುರಿಯುವ ಕೆಲಸ. ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳ ಬೆರಳು ನೋಡಿದವರಿಗೆ ಅದರ ಬೆಲೆ ಗೊತ್ತು. ಒಬ್ಬರೇ ಕೂತರೆ ಕೌದಿ ಮುಗಿಯುವುದಿಲ್ಲ. ನಾಲ್ಕು ಮಂದಿ ನಾಲ್ಕು ಕಡೆ ಕೂತರೆ ಮಾತು ಮುಗಿಯುವುದರೊಳಗೆ ಮುಗಿದಿರುತ್ತದೆ.

ತಮಗಾಗಿ ಹೊಲಿದುಕೊಳ್ಳುವ ವಿಷಯದಲ್ಲಿ ಈ ಜಿಲ್ಲೆಗೆ ಪಾಠ ಹೇಳಬಲ್ಲವರು ತಾಂಡಾದ ಲಂಬಾಣಿ ಹೆಣ್ಣುಮಕ್ಕಳು. ಲಂಗದಂಥ ಫೇಟಿಯಾ, ಕುಬಸದಂಥ ಕಾಂಚಳಿ, ತಲೆಯ ಮೇಲಿನ ಓಢಣಿ, ಎಲ್ಲವನ್ನೂ ಅವರೇ ಹೊಲಿದು, ಅವರೇ ಕಸೂತಿ ಹಾಕಿ, ಅವರೇ ತೊಡುತ್ತಿದ್ದರು. ಕಾಂಚಳಿಯ ಎದೆಯ ಭಾಗಕ್ಕೆ ಕನ್ನಡಿ, ಕವಡೆ, ನಾಣ್ಯ; ಬೆನ್ನಿಗೆ ಬಟ್ಟೆ ಇಲ್ಲದೆ ಬರೀ ಲಾಡಿ. ಫೇಟಿಯಾದ ಸೊಂಟಪಟ್ಟಿಯಲ್ಲೇ ತಿಂಗಳುಗಟ್ಟಲೆ ಕೆಲಸ ಇರುತ್ತದೆ. ಯಾಡಿಯ, ಅಂದರೆ ತಾಯಿಯ, ಪಕ್ಕ ಕೂತು ಕಲಿತ ಹುಡುಗಿ ತನ್ನ ಮದುವೆಯ ಬಟ್ಟೆಯನ್ನು ವರ್ಷಗಳ ಮುಂಚೆಯೇ ಶುರು ಮಾಡುತ್ತಿದ್ದಳು. ಇದಕ್ಕಿಂತ ಉದ್ದದ ಗುರಿ ಹೊಲಿಗೆಯಲ್ಲಿ ಬೇರೆ ಯಾವುದಿದೆ? ಅದು ಅವಳದೇ ಮೈಗೆ, ಅವಳದೇ ದಿನಕ್ಕೆ ಹಾಕಿಕೊಂಡ ಗುರಿ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಮಹಿಳೆಯರು ಕಸೂತಿ ಹಾಕಿದ 1,755 ವಸ್ತುಗಳನ್ನು ಜೋಡಿಸಿ ಗಿನ್ನೆಸ್ ದಾಖಲೆ ಮಾಡಿದರು. ಹೆಮ್ಮೆಯ ಸಂಗತಿ ನಿಜ. ಆದರೆ ಆ ಕಸೂತಿ ಈಗ ಹೆಚ್ಚಾಗಿ ಬ್ಯಾಗಿನ ಮೇಲೆ, ದಿಂಬಿನ ಚೀಲದ ಮೇಲೆ ಕೂತು ಬೇರೆಯವರ ಮನೆ ಸೇರುತ್ತದೆ. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆಂದು ಗುಳೆ ಹೋಗುವ ಹೊಸ ಪೀಳಿಗೆಯ ಮೈ ಮೇಲೆ ಚೂಡಿದಾರ, ನೈಟಿ, ಸೀರೆ. ತೂಕದ ಫೇಟಿಯಾ ಉಟ್ಟುಕೊಂಡು ಗಾರೆ ಬುಟ್ಟಿ ಹೊರು ಎನ್ನುವ ಹಕ್ಕು ನಮಗೆ ಯಾರಿಗೂ ಇಲ್ಲ ಬಿಡಿ.

ದುಡಿಯುವ ಬಟ್ಟೆಯ ಕಡೆಗೆ ಬರೋಣ. ವಿಜಯಪುರದಿಂದ ಅಥಣಿ ರಸ್ತೆ ಹಿಡಿದು, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇರುವ ತೊರವಿ ದಾಟಿ ತಿಕೋಟಾ ಕಡೆ ಹೊರಟರೆ ಎರಡೂ ಬದಿಗೆ ದ್ರಾಕ್ಷಿ ಪಡಗಳು. ಏಪ್ರಿಲ್‌ನಲ್ಲಿ ಬಳ್ಳಿ ಸವರುವ ಒಂದು ಚಾಟಣಿ, ಅಕ್ಟೋಬರ್‌ನಲ್ಲಿ ಇನ್ನೊಂದು, ನಡುವೆ ಕುಡಿ ಚಿವುಟುವುದು, ಗೊನೆ ಅದ್ದುವುದು, ಆಮೇಲೆ ಕೊಯ್ಲು, ಒಣದ್ರಾಕ್ಷಿಯ ಶೆಡ್ಡು. ಬಬಲೇಶ್ವರದ ಕಡೆಯೂ ನೀರಾವರಿ ಬಂದಲ್ಲೆಲ್ಲ ಇದೇ ನೋಟ. ಅಲ್ಲಿ ದುಡಿಯುವ ಹೆಣ್ಣುಮಕ್ಕಳೆಲ್ಲ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಹಳೆಯ ಶರ್ಟು ಹಾಕಿಕೊಂಡಿರುತ್ತಾರೆ. ಬಿಸಿಲಿಗೆ, ಮುಳ್ಳಿಗೆ, ಔಷಧಿಯ ಹನಿಗೆ ಅದೇ ರಕ್ಷೆ. ಗಂಡನದೋ ಮಗನದೋ, ಕಾಲರು ಹರಿದ ಮೇಲೆ ಇವಳ ಪಾಲಿಗೆ ಬಂದದ್ದು. ಭುಜ ಇಳಿದಿರುತ್ತದೆ, ತೋಳು ಕೈಬೆರಳವರೆಗೆ ಬರುತ್ತದೆ, ಸೀರೆಯ ನಿರಿಗೆಯ ಮೇಲೆ ಕೆಳಗಿನ ಗುಂಡಿ ಹಾಕಲು ಬರುವುದಿಲ್ಲ. ದಿನಕ್ಕೆ ಎಂಟು ತಾಸು ತೊಡುವ ಬಟ್ಟೆ ಅದು. ಮದುವೆಗೆ ಎರಡು ತಾಸು ತೊಡುವ ಜಂಪರಿಗೆ ಆರು ಅಳತೆ ತೆಗೆಸುವವರು ಇದಕ್ಕೆ ಒಂದು ಅಳತೆಯನ್ನೂ ತೆಗೆದಿಲ್ಲ.

ನನ್ನ ಮಟ್ಟಿಗೆ ಈ ಸೀಮೆಯಲ್ಲಿ ಒಬ್ಬ ಹೆಣ್ಣುಮಗಳು ತನಗಾಗಿ ಹಾಕಿಕೊಳ್ಳಬಹುದಾದ ಒಳ್ಳೆಯ ಹೊಲಿಗೆಯ ಗುರಿ ಎಂದರೆ ಈ ಹೊಲದ ಅಂಗಿ. 36 ಇಂಚು ಪನ್ನೆಯ ಹತ್ತಿ ಪಾಪ್ಲಿನ್ ಎರಡೂವರೆ ಮೀಟರ್ ಸಾಕು. ಮೊದಲು ರಾತ್ರಿಯಿಡೀ ನೀರಿಗೆ ಹಾಕಿ ನೆರಳಲ್ಲಿ ಒಣಗಿಸಬೇಕು. ಹತ್ತಿ ಮೊದಲ ನೀರಿಗೆ ಕುಗ್ಗುತ್ತದೆ, ಹೊಲಿದ ಮೇಲೆ ಕುಗ್ಗಿದರೆ ಅಳತೆ ತೆಗೆದ ಶ್ರಮವೆಲ್ಲ ನೀರುಪಾಲು. ಕಟಿಂಗ್ ನೆಹರೂ ಶರ್ಟಿನ ರೀತಿಯದೇ, ಎಲ್ಲ ನೇರ ಗೆರೆ. ಬೆನ್ನು, ಎದೆ, ಬದಿಗೆ ಕಳಿ, ಕಂಕುಳಿಗೆ ನಾಲ್ಕು ಇಂಚಿನ ಚೌಕ. ಹಳೆಯ ಕುಬಸದಲ್ಲಿದ್ದ ಅದೇ ಚೌಕ ಇದು. ಚಪ್ಪರದ ಬಳ್ಳಿಗೆ ಕೈ ಎತ್ತಿದಾಗ ಇದರ ಬೆಲೆ ತಿಳಿಯುತ್ತದೆ. ಕುತ್ತಿಗೆಯ ಹಿಂಭಾಗ ಸುಡದಂತೆ ನಿಂತ ಕಾಲರು. ತೋಳಿನ ತುದಿಗೆ ಗುಂಡಿ ಇರುವ ಪಟ್ಟಿ. ಬದಿಗಳಲ್ಲಿ ಗೇಣುದ್ದ ಸೀಳು ಬಿಟ್ಟರೆ ನಿರಿಗೆಯ ಮೇಲೆ ತಾನಾಗಿ ಕೂರುತ್ತದೆ. ಇನ್ನು ಕಿಸೆ. ಎದೆಯ ಮೇಲೆ ಬೇಡ, ಬಗ್ಗಿದರೆ ಮೊಬೈಲು ಮಣ್ಣಿಗೆ ಬೀಳುತ್ತದೆ. ಬಲಬದಿಯ ಕಳಿಯಲ್ಲಿ ಅಂಗೈ ಪೂರ್ತಿ ಇಳಿಯುವಷ್ಟು ಆಳದ ಕಿಸೆ ಇಟ್ಟು, ಬಾಯಿಗೆ ಮುಚ್ಚಳದ ಪಟ್ಟಿ, ಒಂದು ಕಾಜ, ಒಂದು ಗುಂಡಿ. ಕಿಸೆಯ ಎರಡು ಮೇಲ್ಮೂಲೆಗೆ ಮೂರು ಸಲ ಹಿಂದೆ-ಮುಂದೆ ಹೊಲಿಗೆ ಓಡಿಸಬೇಕು. ಕಿಸೆ ಹರಿಯುವುದು ಯಾವಾಗಲೂ ಅಲ್ಲೇ.

ಜಂಪರು ಇದಕ್ಕಿಂತ ಕಷ್ಟ. ಹೊಲಿಗೆ ಕಲಿತವರೂ ತಮ್ಮ ಜಂಪರನ್ನು ಟೇಲರಿಗೇ ಕೊಡುವುದಕ್ಕೆ ಕಾರಣವಿದೆ. ತನ್ನ ಬೆನ್ನಿನ ಅಳತೆ ತಾನೇ ತೆಗೆಯಲು ಬರುವುದಿಲ್ಲ. ತೋಳು ಎತ್ತಿದರೆ ಟೇಪು ಸರಿಯುತ್ತದೆ, ಇಳಿಸಿದರೆ ಮುಂಡಾದ ಸುತ್ತಳತೆ ಬದಲಾಗುತ್ತದೆ. ಇದಕ್ಕೆ ಹಳೆಯ ಮನೆಮದ್ದೊಂದಿದೆ. ಮೈಗೆ ಸರಿಯಾಗಿ ಕೂರುತ್ತಿದ್ದು ಬಟ್ಟೆ ಮಾತ್ರ ಜೀರ್ಣವಾದ ಜಂಪರೊಂದನ್ನು ಆರಿಸಿ, ಟಾಕು ಟಾಕು ಬಿಚ್ಚಬೇಕು. ಎಳೆಯಬಾರದು, ಬ್ಲೇಡಿನ ಮೂಲೆಯಿಂದ ದಾರ ಕಡಿಯುತ್ತ ಹೋಗಬೇಕು. ಬಿಚ್ಚುವ ಮೊದಲು ಎಡ-ಬಲ, ಮುಂದೆ-ಹಿಂದೆ ಎಂದು ಪೆನ್ನಿನಲ್ಲಿ ಬರೆದಿಟ್ಟುಕೊಳ್ಳದಿದ್ದರೆ ಆಮೇಲೆ ಎಲ್ಲ ತುಂಡೂ ಒಂದೇ ಥರ ಕಾಣುತ್ತದೆ. ಇಸ್ತ್ರಿ ಮಾಡಿ ಹೊಸ ಬಟ್ಟೆಯ ಮೇಲೆ ಹಾಸಿದರೆ ಅದೇ ಪಡಿಯಚ್ಚು. ಲೆಕ್ಕದಿಂದ ಹೋಗುವವರಿಗೆ 36 ಇಂಚಿನ ಎದೆಯ ಕಾಲುಭಾಗ 9, ಸಡಿಲಿಗೆ ಅರ್ಧ, ಬದಿಯ ಮಾರ್ಜಿನ್ ಒಂದೂವರೆ, ಕೂಡಿದರೆ 11 ಇಂಚು. ಆ ಒಂದೂವರೆ ಇಂಚನ್ನು ಮಾತ್ರ ಎಂದಿಗೂ ಕತ್ತರಿಸಬೇಡಿ. ಅಂಗಡಿಯ ರೆಡಿಮೇಡಿನಲ್ಲಿ ಅಷ್ಟು ಬಟ್ಟೆ ಒಳಗೆ ಬಿಟ್ಟಿರುವುದು ಅಪರೂಪ. ಕೈಯಲ್ಲಿ ಹೊಲಿದದ್ದು ಹೆಚ್ಚು ಬಾಳುವುದರ ಅರ್ಧ ಗುಟ್ಟು ಅಲ್ಲಿದೆ. ಮೊದಲ ಸಲ ಮಾಂಜರಪಾಟದಲ್ಲೋ ಉಡಿಯ ಪೀಸಿನಲ್ಲೋ ಕಚ್ಚಾ ಹೊಲಿದು ತೊಟ್ಟು ನೋಡಿ, ಎಲ್ಲಿ ಹಿಡಿಯುತ್ತದೆ, ಎಲ್ಲಿ ಸುಕ್ಕು ಬೀಳುತ್ತದೆ ಎಂದು ಗುರುತು ಹಾಕಿಕೊಂಡ ಮೇಲೆಯೇ ಖಣಕ್ಕೆ ಕತ್ತರಿ ಇಡುವುದು.

ಮಕ್ಕಳ ಬಟ್ಟೆಯಲ್ಲಿ ಗಡುವು ಸರ್ಕಾರದ್ದೇ ಇದೆ. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರದ ಬಟ್ಟೆ ಬರುತ್ತದೆ, ಹೊಲಿಸುವ ಖರ್ಚು ಪಾಲಕರದು. ಜೂನ್‌ನಲ್ಲಿ ಎಲ್ಲ ಟೇಲರುಗಳ ಮುಂದೆ ಸರದಿ. ಮನೆಯಲ್ಲಿ ಮಷೀನಿದ್ದರೆ ಇಲ್ಲಿ ಉಳಿಯುವುದು ನಿಜವಾದ ದುಡ್ಡು. ಹುಡುಗಿಯರ ಲಂಗಕ್ಕೆ ಕೆಳಗೆ ಮೂರು ಇಂಚು ಒಳಮಡಿಕೆ ಬಿಟ್ಟು, ಅದರ ಮೇಲೆ ಎರಡು ಸಾಲು ಮಡಿಕೆ ಹಿಡಿದರೆ ಅಲಂಕಾರವೂ ಆಯಿತು, ಉದ್ದ ಬೆಳೆದಾಗ ಒಂದೊಂದೇ ಬಿಚ್ಚಲೂ ಆಯಿತು. ಹಿಂದಿನ ಪರಕಾರಗಳಲ್ಲಿ ಮಡಿಕೆ ಬಿಚ್ಚಿದ ಕಡೆ ಬಣ್ಣ ಗಾಢವಾಗಿ ಉಳಿದಿರುತ್ತಿತ್ತು. ಅದನ್ನು ನೋಡಿಯೇ ಹುಡುಗಿ ವರ್ಷಕ್ಕೆ ಎಷ್ಟು ಬೆಳೆದಳೆಂದು ಹೇಳಬಹುದಿತ್ತು.

ಮಷೀನಿನ ಬಗ್ಗೆ ಎರಡು ಮಾತು. ಯಂತ್ರಗಳನ್ನು ಅಷ್ಟಾಗಿ ನಂಬದ ಗಾಂಧೀಜಿ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ರಿಯಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದ ಎಂದು ಅವರು ನಂಬಿದ್ದರು. ಐಸಾಕ್ ಸಿಂಗರ್ ಅಂಥ ಆದರ್ಶ ಪತಿಯೇನೂ ಆಗಿರಲಿಲ್ಲ, ಏಕಕಾಲಕ್ಕೆ ಹಲವು ಸಂಸಾರ ನಡೆಸಿದ ಆಸಾಮಿ. ಆದರೆ ಗಾಂಧೀಜಿಯ ಮಾತಿನ ತಿರುಳಿಗೆ ಅದರಿಂದ ಧಕ್ಕೆ ಇಲ್ಲ. ಈಗ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಕೂಡಿಟ್ಟರೆ ಕೆಲವೇ ತಿಂಗಳಲ್ಲಿ ಕಾಲಿನ ಮಷೀನು ಕೊಳ್ಳಬಹುದು. ದರ್ಜಿ ಕೆಲಸವನ್ನೇ ಕಸುಬು ಮಾಡಿಕೊಂಡವರಿಗೆ 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ತರಬೇತಿಯೂ 15,000 ರೂಪಾಯಿವರೆಗಿನ ಸಲಕರಣೆಯ ನೆರವೂ ಉಂಟು. ಮನೆಮಟ್ಟಿಗೆ ಹೊಲಿಯುವವರಿಗೆ ಹಳೆಯ ಕಾಲಿನ ಮಷೀನೇ ಲೇಸು ಎಂದು ನನ್ನ ಹಟ. ಕರೆಂಟು ಹೋದರೂ ಓಡುತ್ತದೆ, ವಾರಕ್ಕೊಮ್ಮೆ ಎಣ್ಣೆ ಬಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಓಡುತ್ತದೆ.

ದುಡ್ಡು ಉಳಿಸಲೆಂದು ಎಲ್ಲವನ್ನೂ ಮನೆಯಲ್ಲೇ ಹೊಲಿಯುತ್ತೇನೆ ಎನ್ನುವವರಿಗೆ ಒಂದು ಕಹಿ ಮಾತು ಹೇಳಲೇಬೇಕು. ಉಳಿಯುವುದಿಲ್ಲ. ಗಾಂಧಿ ಚೌಕದ ಸುತ್ತ ಗಾಡಿಯ ಮೇಲೆ ಸಿಗುವ ಫ್ರಾಕಿನ ಬೆಲೆಗೆ ನಮಗೆ ಬಟ್ಟೆಯೇ ಬರುವುದಿಲ್ಲ, ಕೈಕೆಲಸದ ಮಾತು ಬಿಡಿ. ಆ ಸೋವಿಯ ಬೆಲೆಯನ್ನು ಬೇರೆ ಯಾರೋ ತೆರುತ್ತಿರುತ್ತಾರೆ. ಢಾಕಾದ ಬಳಿ 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕಟ್ಟಡ ಕುಸಿದಾಗ 1,100ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹಳಷ್ಟು ಹೆಂಗಸರು, ಹೊಲಿಗೆಯ ಮಷೀನಿನ ಮುಂದೆ ಕೂತಿದ್ದವರು. ಒಂದು ಅಂಗಿಯನ್ನು ಮೊದಲಿಂದ ಕೊನೆಯವರೆಗೆ ಹೊಲಿದು ನೋಡಿದವರು ಆಮೇಲೆ ಗಾಡಿಯ ಮೇಲಿನ ನೂರು ರೂಪಾಯಿಯ ಅಂಗಿಯ ಕಾಲರನ್ನು ತಿರುಗಿಸಿ ನೋಡುವ ರೀತಿಯೇ ಬೇರೆ.

ಹಾಗಾದರೆ ಈ ವರ್ಷದ ಪಟ್ಟಿ? ಚಿಕ್ಕದಿರಲಿ. ಮನೆಯಲ್ಲಿ ತೊಟ್ಟಿಲು ತೂಗುವ ಸುದ್ದಿ ಇದ್ದರೆ ಒಂದು ಕುಲಾವಿ. ಜೂನ್‌ಗೆ ಮಗುವಿನ ಸಮವಸ್ತ್ರ. ಪಂಚಮಿಗೆ ಬರುವ ಮಗಳಿಗೋ ನಾದಿನಿಗೋ ಒಂದು. ಹರಿದದ್ದರ ದುರಸ್ತಿ ಲೆಕ್ಕಕ್ಕಿಲ್ಲದೆ ನಡೆಯಲಿ. ಅಕ್ಟೋಬರ್‌ನ ಚಾಟಣಿಯ ಕಾಲಕ್ಕೆ, ಸೀಗಿ ಹುಣ್ಣಿಮೆಯ ಹೊತ್ತಿಗೆ, ಹೊಲಿಯುವವಳದೇ ಅಳತೆಯ ಹೊಲದ ಅಂಗಿ. ಇದರಲ್ಲಿ ಕೊನೆಯದನ್ನು ಮೊದಲು ಬರೆದುಕೊಳ್ಳಿ. ಬಟ್ಟೆ ತಂದು, ನೀರಿಗೆ ಹಾಕಿ, ಕತ್ತರಿಸಿಯೇ ಇಟ್ಟುಬಿಡಿ. ಕತ್ತರಿಸಿದ ಬಟ್ಟೆಯನ್ನು ಬೇರೆಯವರಿಗೆ ಎತ್ತಿ ಕೊಡಲು ಬರುವುದಿಲ್ಲ, ಇಡಿಯಾಗಿದ್ದರೆ ನಾವೇ ಎತ್ತಿ ಕೊಟ್ಟುಬಿಡುತ್ತೇವೆ.

ಇನ್ನೊಂದು ಅಡ್ಡಿ ಓಣಿಯಿಂದಲೇ ಬರುತ್ತದೆ. ಒಬ್ಬಳ ಕೈ ಪಳಗಿದೆ ಎಂದು ನಾಲ್ಕು ಮನೆಗೆ ಗೊತ್ತಾದ ದಿನದಿಂದ ಹಬ್ಬದ ಹಿಂದಿನ ವಾರ ಅವಳ ಹೊಸ್ತಿಲ ಮೇಲೆ ಪ್ಲಾಸ್ಟಿಕ್ ಚೀಲಗಳ ಸಾಲು. ದುಡಿಮೆಯಾಗಿ ಮಾಡುವುದಾದರೆ ಮಾಡಲಿ, ಕೂಲಿ ಗಟ್ಟಿಯಾಗಿ ಕೇಳಿ ಪಡೆಯಲಿ. ಮುಲಾಜಿಗೆ ಹೊಲಿದುಕೊಡುವುದರಲ್ಲಿ ಎಷ್ಟೋ ಹೆಂಗಸರ ಸ್ವಂತ ಅಂಗಿ ವರ್ಷಗಟ್ಟಲೆ ಕಚ್ಚಾ ಹೊಲಿಗೆಯಲ್ಲೇ ನಿಂತಿದೆ. ಬಬಲೇಶ್ವರ ನಾಕಾದ ಆಚೆಗೆ ನನ್ನ ಗೆಳತಿಯೊಬ್ಬಳ ಮನೆ. ಸೀಗಿ ಹುಣ್ಣಿಮೆ ಹತ್ತಿರ ಬಂದಿತ್ತು. ಮಷೀನಿನ ಮೇಲೆ ಬೂದಿಬಣ್ಣದ ಪಾಪ್ಲಿನ್ ಹರಡಿತ್ತು, ಒಂದು ತೋಳು ಕೂಡಿತ್ತು, ಇನ್ನೊಂದು ಇರಲಿಲ್ಲ. ಪಕ್ಕದ ಮನೆಯವರು ಬಂದರು.

“ವೈನಿ, ನಮ್ಮ ಹುಡುಗಿಗಿ ಒಂದ ಫ್ರಾಕ್ ಹೊಲದ ಕೊಡ್ರಿ. ನಿಮಗೇನ್ರಿ, ಹತ್ತ ನಿಮಿಷದ ಕೆಲಸ.”

ಗೆಳತಿ ಕಾಲು ತುಳಿಯುವುದನ್ನು ನಿಲ್ಲಿಸಲಿಲ್ಲ.

“ಬಟ್ಟಿ ಇಟ್ಟ ಹೋಗ್ರಿ. ಹುಣ್ಣಿಮಿ ತನಕ ನಂದ ನಡದೈತಿ.”